ಗುಡ್ಡದ ಮೇಲೊಂದು ವೂಲುಂಗ್

ಚಿಂಗ್‌ಮಿಂಗ್ ಹಬ್ಬದ ದಿನ ಗುಡ್ಡ ಹತ್ತಿ ಹಿರಿಯರ ಸಮಾಧಿ ತೊಳೆಯುವುದು ಫುಂಗರ ಮನೆಯಲ್ಲಿ ಗಂಡಸರ ಕೆಲಸ. ಚಿಕ್ಕಪ್ಪ ತೀರಿಕೊಂಡದ್ದರಿಂದ ಈ ಸಲ ಲಾಯ್‌ಹಾ ಅಪ್ಪನ ಕೈಹಿಡಿದು ಮೊದಲ ಬಾರಿಗೆ ಹತ್ತಿದಳು. ಅಮ್ಮನ ಸಮಾಧಿಯ ಜಾಗ ಬಲ್ಲವರು ಈಗ ಅಪ್ಪ ಒಬ್ಬರೇ. ಅವರಿಗೋ ಈಚೆಗೆ ಬೆಳಿಗ್ಗೆ ಕುಡಿದ ಗಂಜಿಯೂ ನೆನಪಿರುವುದಿಲ್ಲ.

"ಇದೇ," ಎಂದು ಅಪ್ಪ ಒಂದು ಕಲ್ಲಿನ ಮುಂದೆ ನಿಂತರು. "ನಿಮ್ಮಮ್ಮನ್ನ ಮರೀತೀನೇನೆ?"

ಚಳಿಗಾಲದ ಕಾಡ್ಗಿಚ್ಚಿಗೆ ಕಲ್ಲುಗಳೆಲ್ಲ ಕಪ್ಪಾಗಿ, ಅಕ್ಷರಗಳ ಬಣ್ಣ ಸುಟ್ಟುಹೋಗಿತ್ತು. ಲಾಯ್‌ಹಾ ಮಸಿ ಉಜ್ಜಿ, ಕಿತ್ತಳೆ, ಬೇಯಿಸಿದ ಕೋಳಿ ಇಟ್ಟಳು. ಅಪ್ಪ ಕೆಂಪು ಬಣ್ಣದಲ್ಲಿ ಕುಂಚ ಅದ್ದಿ, ಗುನುಗುತ್ತ ಒಂದೊಂದೇ ಗೆರೆ ತುಂಬಿದರು. ಗೆರೆಗಳು ಕೂಡಿ ಹೆಸರು ಮೂಡಿತು. ಹೆಂಗಸರ ಕಲ್ಲಿನ ಮೇಲೆ ಕೆತ್ತುವುದು ತವರಿನ ಮನೆತನದ ಹೆಸರು; ಇದು ಅಮ್ಮನ ಯಿಪ್ ಅಲ್ಲ, ಕ್ವೋಕ್. ಅಪ್ಪನ ಮುಖ ನೋಡಿ, ಆ ಮಾತು ಎತ್ತದೆ ಅವಳು ಕಿತ್ತಳೆಗಳನ್ನು ಮತ್ತೆ ಜೋಡಿಸತೊಡಗಿದಳು.

ಅಷ್ಟರಲ್ಲಿ ಸುಟ್ಟ ಹಂದಿ ಹೊತ್ತು ಕ್ವೋಕರ ಮನೆಯವರೇ ಬಂದರು.

"ಏನಜ್ಜಾ, ನಮ್ಮಜ್ಜಿಗೆ ನೀವು ಯಾವಾಗ ನೆಂಟರಾದ್ರಿ?" ಎಂದಳು ಮುಂದಿದ್ದ ದಪ್ಪ ಹೆಂಗಸು. "ಒಳ್ಳೇ ವೂಲುಂಗ್ ಹೊಡೆದ್ರಿ."

ಫುಟ್‌ಬಾಲ್‌ನಲ್ಲಿ ತನ್ನದೇ ಗೋಲಿಗೆ ಚೆಂಡು ಹೊಡೆದವನಿಗೆ ಅನ್ನುವ ಮಾತದು. ಹಾಂಗ್‌ಕಾಂಗ್‌ನಲ್ಲಿ ಚಹಾಕ್ಕೆ ಉಪ್ಪು ಬಿದ್ದರೂ ಅದನ್ನೇ ಅನ್ನುತ್ತಾರೆ. ಎಲ್ಲರೂ ನಕ್ಕರು, ಅಪ್ಪನೂ ನಕ್ಕರು.

"ಪರವಾಗಿಲ್ಲ ಬಿಡಿ, ನಮಗೆ ಬಣ್ಣ ಹಚ್ಚೋ ಕೆಲಸ ತಪ್ತು," ಎಂದು ಅವಳು ಲಾಯ್‌ಹಾಳ ಕೈಗೆ ಮಾಂಸದ ಪೊಟ್ಟಣ ಇಟ್ಟಳು.

ಅಪ್ಪನ ನಗು ನಿಂತಿತು. "ಹಾಗಾದ್ರೆ ಅವಳೆಲ್ಲಿ?"

ಗುಡ್ಡದ ತುಂಬ ಅಂಥವೇ ಕಪ್ಪು ಕಲ್ಲುಗಳು. ಲಾಯ್‌ಹಾ ಕೋಳಿ, ಕಿತ್ತಳೆ ಮತ್ತೆ ಚೀಲಕ್ಕೆ ತುಂಬಿದಳು. ಮೇಲಿನ ಸಾಲಿನ ಕಲ್ಲುಗಳನ್ನು ಉಜ್ಜಿ ಗೆರೆಗಳ ಮೇಲೆ ಬೆರಳಾಡಿಸಿ ಓದಿದಳು, ಕೆಳಗಿನ ಸಾಲಿನವನ್ನೂ ಓದಿದಳು. ಎಲ್ಲೂ ಯಿಪ್ ಸಿಗಲಿಲ್ಲ. ಬಿಸಿಲು ಏರಿತು, ಅಪ್ಪ ಅಲ್ಲಲ್ಲಿ ಕಲ್ಲು ಹಿಡಿದು ನಿಲ್ಲತೊಡಗಿದರು.

"ಇದೇ ಕಣೆ," ಎಂದರು ಅಪ್ಪ ಕೊನೆಗೆ. ಆ ಕಲ್ಲು ಬೆಂಕಿಗೆ ಸಿಡಿದು, ಅಕ್ಷರವೇ ಉಳಿದಿರಲಿಲ್ಲ. "ಇದೇ ಅಲ್ವಾ? ಹೇಳು ಮಗಳೇ."

ಗೊತ್ತಿದ್ದವರು ಅವರು, ಕೇಳುತ್ತಿದ್ದುದು ಅವಳನ್ನು.

"ಹೌದಪ್ಪ."

ಅಪ್ಪ ಅಲ್ಲೇ ಕೂತು ಹೆಂಡತಿಯೊಡನೆ ಮಾತಿಗಿಳಿದರು. ಲಾಯ್‌ಹಾ ಊದುಬತ್ತಿ ಹಚ್ಚಿ ಬಾಗಿ, ಮನಸ್ಸಿನಲ್ಲೇ ಕೇಳಿಕೊಂಡಳು: ಒಳಗೆ ಮಲಗಿರುವವರು ಯಾರಾದರಾಗಲಿ, ನಮ್ಮಮ್ಮ ಇಲ್ಲೇ ಅಕ್ಕಪಕ್ಕ ಇದ್ದರೆ ಹೇಳಿಬಿಡಿ, ಅಪ್ಪ ಬಂದಿದ್ದರು ಅಂತ.