ನಮ್ಮ ಓಣಿಯ ಮೂರನೆಯ ಬಸುರಿ

ಎಂಬತ್ತೊಂದನೆಯ ಇಸವಿ, ಒಂದು ಸೋಮವಾರ. ಶಹಾಬಾದದ ಖಣಿಗಳ ಮಗ್ಗುಲಿನ ಓಣಿಯಲ್ಲಿ ಸೂಗಮ್ಮ ಲಿಂಗಪೂಜೆ ಮುಗಿಸಿ ಹೊರಗೆ ಬಂದಾಗ, ನೆರೆಮನೆಯ ಜಾನಬಿ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದಳು.

“ಯಾಕ ಜಾನಬಿ, ಮುಂಜಾನೆದ್ದು ಮಾರಿ ಸಣ್ಣ ಮಾಡೀದಿ?”

“ಅಕ್ಕಾ, ಖಣಿ ಕೂಲ್ಯಾರ ಟೆಂಟಿನಾಗಿನ ಬಾಣಂತಿ ತೀರಿಹೋದಳಂತ್ರೀ. ನಿಮ್ಮ ಅಂಗಳಕ್ಕ ಹಾಸಾಕ ಫರಸಿ ಕಲ್ಲು ಹೊತ್ತಾಕಿ. ಹಡೆದು ಎಂಟು ದಿನಾಗಿತ್ತು. ದವಡಿ ಕಚ್ಚಿಗೊಂಡು, ಮೈ ಬಿಲ್ಲಿನಂಗ ಬಾಗಿ... ಧನುರ್ವಾತ ಅಂದ್ರಂತ.”

“ಆಕಿ ಹೆಸರೇನು?”

ಜಾನಬಿಗೆ ಗೊತ್ತಿರಲಿಲ್ಲ. ತೆಲುಗು ಸೀಮೆಯ ಪಾಲಮೂರಿನ ಕಡೆಯಿಂದ ದುಡಿಯಲು ಬಂದು ಎರಡು ವರ್ಷವಾಗಿದ್ದರೂ ಓಣಿಗೆಲ್ಲ ಆಕೆ ಬರೀ ‘ತೆಲಗರಾಕಿ’. ನಳದಲ್ಲಿ ಓಣಿಯವರ ಕೊಡಗಳೆಲ್ಲ ತುಂಬಿದ ಮೇಲೆಯೇ ಟೆಂಟಿನವರ ಸರತಿ. ಆ ನೇಮ ಮಾಡಿದವಳು ಸೂಗಮ್ಮನೇ.

ಎರಡು ತಿಂಗಳ ಹಿಂದೆ ಆಕೆ ತುಂಬಿದ ಹೊಟ್ಟೆ ಹೊತ್ತು ಇದೇ ಅಂಗಳಕ್ಕೆ ಕಲ್ಲು ಇಳಿಸಿ ನೀರು ಕೇಳಿದ್ದಳು. ಸೂಗಮ್ಮ ಚೊಂಬು ತಾಗದಂತೆ ಎತ್ತರದಿಂದ ಆಕೆಯ ಬೊಗಸೆಗೆ ಸುರಿದಿದ್ದಳು. ಮರುದಿನ ಸರಕಾರಿ ದವಾಖಾನೆಯ ನರ್ಸ್ ವಿಮಲಾಬಾಯಿ ಬಂದು, “ಅವ್ವಾ, ಧನುರ್ವಾತದ ಸೂಜಿ ಹಾಕಬೇಕು. ನಿಮ್ಮ ಓಣ್ಯಾಗ ಬಸುರೇರು ಎಷ್ಟು ಮಂದಿ?” ಎಂದು ಕೇಳಿದರು. “ಇಬ್ಬರೇ” ಎಂದಳು ಸೂಗಮ್ಮ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಟೆಂಟಿನಾಕೆ ಲೆಕ್ಕಕ್ಕೇ ಬರಲಿಲ್ಲ.

ಈ ಸೋಮವಾರ ಮಧ್ಯಾಹ್ನ ವಿಮಲಾಬಾಯಿ ಮತ್ತೆ ಬಂದಾಗ ಸೂಗಮ್ಮ ತಲೆ ಎತ್ತಲಿಲ್ಲ. ಆದರೂ ವಾದ ಬಿಡಲಿಲ್ಲ.

“ನಾ ಹೇಳಿದ್ರೂ ನೀವು ಸೂಜಿ ಹಾಕತಿದ್ರೇನು? ಅವರು ನಮ್ಮ ಊರವರಲ್ಲ. ಇವತ್ತ ಇದ್ದು ನಾಳೆ ಹೋಗೋ ಮಂದಿ.”

“ಈ ಸೂಜಿಗೆ ಊರು ಕೇಳಂಗಿಲ್ಲವ್ವಾ. ಕಾಗದ ಬ್ಯಾಡ, ರೊಕ್ಕ ಬ್ಯಾಡ. ಬಸುರಾದಾಗ ತಿಂಗಳಿಗೊಂದರಂಗ ಎರಡು ಹಾಕಸ್ಕೊಂಡ್ರ ಸಾಕು. ಸೂಲಗಿತ್ತಿ ಟೆಂಟಿಗೆ ಬರೋದಿಲ್ಲ ಅಂದಳಂತ. ಪಾಪ, ಖಣಿ ಮಣ್ಣಿನ ಕೈಲೇ ಹೆರಿಗಿ ಮಾಡ್ಯಾರ. ಕೂಸು ದವಾಖಾನ್ಯಾಗ ಅದ, ಉಳಿದೀತು. ತಾಯಿ ಅಮೃತಮ್ಮ ಉಳೀಲಿಲ್ಲ.”

ಅಮೃತಮ್ಮ. ಸತ್ತ ಮೇಲೆ ಹೆಸರು ಗೊತ್ತಾಯಿತು.

“ಆಕಿ ನೆಗೆಣ್ಣಿ ಯಾದಮ್ಮಗೂ ಐದು ತಿಂಗಳು. ನನ್ನ ನೋಡಿದ್ರ ಒಳಗ ಅಡಗತಾಳ,” ಎಂದರು ವಿಮಲಾಬಾಯಿ.

ಸೂಗಮ್ಮ ಸೆರಗು ಹೊದ್ದು ಎದ್ದಳು. “ನಡೀರಿ, ನಾನೂ ಬರ್ತೀನಿ.”

“ಮಡಿ ಕೆಡಂಗಿಲ್ಲೇನಕ್ಕಾ?” ಎಂದು ಕಟ್ಟೆಯ ಮೇಲಿದ್ದ ಜಾನಬಿ ಚುಚ್ಚಿದಳು.

“ಕೆಡಲಿ ಬಿಡು. ಕೆಡಬಾರದ್ದು ಆಗಲೇ ಕೆಟ್ಟದ.”

ಟೆಂಟಿನ ಬಳಿ ಸೂಗಮ್ಮನನ್ನು ಕಂಡದ್ದೇ ಯಾದಮ್ಮ ಹಿಂದೆ ಸರಿದಳು. “ನಾನ್ಯಾರ ಕೊಡಾ ಮುಟ್ಟಿಲ್ಲಮ್ಮಾ!”

ಸೂಗಮ್ಮ ಟೆಂಟಿನ ಮುಂದೆ ನೆಲದ ಮೇಲೆಯೇ ಕುಳಿತಳು. “ಬಾಯಾರ್ಯಾದ, ತಾಯಿ. ನಿನ್ನ ಕೊಡದಾಗಿನ ನೀರು ಕೊಡು.”

ಯಾದಮ್ಮ ಚೊಂಬು ತಂದು, ಎತ್ತರದಿಂದ ಸುರಿಯಲು ಎತ್ತಿ ಹಿಡಿದಳು. ಈ ಊರಲ್ಲಿ ಆಕೆ ಕಲಿತದ್ದು ಅದನ್ನೇ. ಸೂಗಮ್ಮ ಕೈಚಾಚಿ ಚೊಂಬನ್ನೇ ತೆಗೆದುಕೊಂಡು ಕಚ್ಚಿ ಕುಡಿದಳು. ಕಣ್ಣೀರೂ ಅದರೊಳಗೆ ಬಿತ್ತು.

“ಸೂಜಿ ಹಾಕಸ್ಕೋ, ಮಗಳಾ. ನಾ ಬಾಜೂಕ ಕುಂದರ್ತೀನಿ.”

“ನಾಳಿಗಿ ಕೆಲಸಕ್ಕ ಹೋಗಾಕ ಆಗತದಾ?”

“ಒಂದು ದಿನ ರಟ್ಟಿ ನೋಯತದ, ಅಷ್ಟ,” ಎಂದು ವಿಮಲಾಬಾಯಿ ನಕ್ಕರು.

ಯಾದಮ್ಮ ಸೂಗಮ್ಮನ ಕೈ ಹಿಡಿದುಕೊಂಡು ತೋಳು ಕೊಟ್ಟಳು.

“ಬರಕೋರಿ,” ಎಂದಳು ಸೂಗಮ್ಮ. “ನಮ್ಮ ಓಣ್ಯಾಗ ಬಸುರೇರು ಮೂವರು.”

ಮರುದಿನ ನಳದಲ್ಲಿ ಯಾದಮ್ಮನ ಕೊಡ ತನ್ನ ಸರತಿಗೇ ತುಂಬಿತು. ಇಬ್ಬರು ಗೊಣಗಿದರು. ಸೂಗಮ್ಮ ಅಲ್ಲಿಯೇ ನಿಂತಿದ್ದಳು.

ತಾಯಂದಿರೇ, ನಿಮ್ಮ ಊರಿನ ಖಣಿಯ ಬದಿಗೆ, ಕಾರ್ಖಾನೆಯ ಹಿಂದೆ, ರೈಲುಹಳಿಯ ಮಗ್ಗುಲಲ್ಲಿ ದುಡಿಯಲು ಬಂದ ಹೆಣ್ಣುಮಕ್ಕಳಿದ್ದಾರೆ. ಇಂದೇ ಹೋಗಿ ಅವರ ಹೆಸರು ಕೇಳಿರಿ. ಬಸುರಿಯಿದ್ದರೆ ನರ್ಸಿಗೆ ತಿಳಿಸಿರಿ, ಸೂಜಿಯ ದಿನ ಜೊತೆಗೆ ಕರೆತನ್ನಿರಿ. ಸೂಗಮ್ಮ ಮಾಡಿದಷ್ಟು ತಡ ಮಾಡಬೇಡಿರಿ.

ಶಿವನೇ, ಪರವೂರಲ್ಲಿ ಹೆಸರಿಲ್ಲದೆ ದುಡಿದು ಹೋದ ಅಮೃತಮ್ಮನಿಗೆ ನಿನ್ನ ಪಾದದ ನೆರಳಲ್ಲಿ ಶಾಂತಿ ಸಿಗಲಿ. ಅಲ್ಲಿಯಾದರೂ ಆಕೆ ಬೇರೆಯವರ ಕೊಡ ತುಂಬುವವರೆಗೆ ಕಾಯದಿರಲಿ.