ಮೂಗು ಅಪ್ಪನದು, ಲಿವರ್ ಯಾರದು?

ಕಿರ್... ಕಿರ್... ರಾತ್ರಿ ಹನ್ನೊಂದರ ಮೇಲೆ ಬಾಗಿಲ ಬೀಗದ ಸುತ್ತ ಕೀಲಿ ಕೆರೆಯುವ ಸದ್ದು. ಹೊಲಿಗೆ ಯಂತ್ರದ ಮುಂದಿದ್ದ ಅಕ್ಕ ಕೈ ನಿಲ್ಲಿಸಿ ಕಿವಿಗೊಟ್ಟಳು. ಕೆಳಮನೆಯ ಅಜ್ಜಿ ಕಿಟಕಿಯಿಂದಲೇ, "ಇವತ್ತೂ ಏರಿಸ್ಕೊಂಡು ಬಂದ ನೋಡು!" ಎಂದಳು.

ತಮ್ಮ ಒಂದು ತೊಟ್ಟೂ ಮುಟ್ಟಿದವನಲ್ಲ. ಬೆಳಗ್ಗೆ ಶಾಲೆಯ ಮಕ್ಕಳನ್ನು, ರಾತ್ರಿ ಕಾರ್ಖಾನೆಯ ಪಾಳಿಯವರನ್ನು ವ್ಯಾನಿನಲ್ಲಿ ಕರೆದೊಯ್ಯುವವನು. ಆದರೆ ಕೀಲಿ ತೂತಿಗೆ ಸೇರುತ್ತಿಲ್ಲ. ಅಕ್ಕ ಎದ್ದು ಬಾಗಿಲು ತೆಗೆದಳು, ಕೀಲಿ ಹಿಡಿದ ಅವನ ಕೈ ನಡುಗುತ್ತಿತ್ತು. ಎರಡು ವರ್ಷದ ಹಿಂದೆ ತಂಗಿಯ ಕೈಯೂ ಹೀಗೇ ನಡುಗಿತ್ತು. ಎಲ್ಲರೂ ನಿಶ್ಶಕ್ತಿ ಎಂದುಕೊಂಡರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಲಿವರ್ ಸೋತು, ನೀರು ತುಂಬಿ ಹೊಟ್ಟೆ ಉಬ್ಬಿತ್ತು. ಅದು ವಿಲ್ಸನ್ ಕಾಯಿಲೆ. ಊಟದಲ್ಲಿನ ತಾಮ್ರ ದೇಹದಿಂದ ಹೊರಹೋಗದೆ ಮೊದಲು ಲಿವರಿನಲ್ಲಿ, ಆಮೇಲೆ ಮಿದುಳಿನಲ್ಲಿ ಸೇರಿಕೊಳ್ಳುತ್ತದೆ. "ಒಡಹುಟ್ಟಿದವರೆಲ್ಲ ಪರೀಕ್ಷೆ ಮಾಡಿಸಿ" ಎಂದು ಡಾಕ್ಟರು ಹೇಳಿದ್ದರು. ಅಕ್ಕ ಮಾಡಿಸಿದಳು, ಅವಳಿಗೆ ಕಾಯಿಲೆ ಇರಲಿಲ್ಲ. ತಮ್ಮ ಮಾಡಿಸಲಿಲ್ಲ.

ಮರುದಿನ ರಜೆ. ಹೊಲಿಯಲು ಕೊಟ್ಟ ಸಮವಸ್ತ್ರ ಒಯ್ಯಲು ನರ್ಸಮ್ಮ ಬಂದಾಗ ಅಕ್ಕ ತಮ್ಮನ ಪರೀಕ್ಷೆಯ ಮಾತು ತೆಗೆದಳು.

"ಲಿವರ್ ಪರೀಕ್ಷೆ ಅಂದ್ರೆ ವ್ಯಾನ್ ಮಾಲೀಕ ನನ್ನ ಕುಡುಕ ಅಂತಾನೆ, ಕೆಲಸ ಹೋಗುತ್ತೆ" ಎಂದ ತಮ್ಮ. "ಅಲ್ದೆ ತಂಗಿ ಅಮ್ಮನ ಪಡಿಯಚ್ಚು. ನಾನು ನೋಡಿ, ಅಪ್ಪನ ಮೂಗು, ಅಪ್ಪನ ಕಿವಿ. ಆ ಕಾಯಿಲೆ ನನಗ್ಯಾಕೆ ಬರುತ್ತೆ?"

ಆ ಮನೆಯಲ್ಲಿ ಮಕ್ಕಳನ್ನು ತೊಟ್ಟಿಲಲ್ಲೇ ಹಾಗೆ ಅಪ್ಪನ ಕಡೆ, ಅಮ್ಮನ ಕಡೆ ಎಂದು ಪಾಲು ಮಾಡಿಬಿಟ್ಟಿದ್ದರು.

"ಮೂಗು ನೋಡಿ ಲಿವರ್ ಹೇಳೋ ಹಾಗಿದ್ರೆ ಲ್ಯಾಬಿಗೆ ಬೀಗ ಹಾಕ್ಬೋದಿತ್ತಪ್ಪ!" ನರ್ಸಮ್ಮ ನಕ್ಕರು. "ತಾಮ್ರ ಹೊರಹಾಕೋ ಜೀನ್ ಎಲ್ಲರಿಗೂ ಎರಡಿರುತ್ತೆ. ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಒಂದು ಕೆಟ್ಟಿದ್ರೂ ಇನ್ನೊಂದು ಸಂಭಾಳಿಸುತ್ತೆ. ನಿಮ್ಮಪ್ಪ ಅಮ್ಮ ಇಬ್ಬರಿಗೂ ಒಂದೊಂದೇ ಕೆಟ್ಟಿತ್ತು, ಅದಕ್ಕೇ ಅವರು ಗಟ್ಟಿಯಾಗಿದ್ರು. ಕೆಟ್ಟಿದ್ದು ಎರಡೂ ಕಡೆಯಿಂದ ಬಂದ ಮಗುವಿಗೆ ಕಾಯಿಲೆ. ನಾಲ್ಕರಲ್ಲಿ ಒಂದು ಅವಕಾಶ."

"ತಂಗಿಗೆ ಬಂತಲ್ಲ, ಲೆಕ್ಕ ಚುಕ್ತಾ!"

"ಒಬ್ಬರಿಗೆ ಬಂದ್ರೆ ಇನ್ನೊಬ್ಬರಿಗೆ ಮಾಫಿ ಇಲ್ಲ. ಪ್ರತಿ ಮಗುವಿಗೂ ಅದೇ ಅವಕಾಶ. ಇನ್ನು ಲಿವರ್ ಪರೀಕ್ಷೆಯಲ್ಲಿ ನೋಡೋ ಎಂಜೈಮ್ ಅನ್ನೋದು ಲಿವರಿನ ಒಳಗಿರೋದು. ಲಿವರಿಗೆ ಪೆಟ್ಟಾದ್ರೆ ರಕ್ತಕ್ಕೆ ಸೋರುತ್ತೆ, ಕುಡಿಯದವರಲ್ಲೂ ಏರುತ್ತೆ. ಆದ್ರೆ ನಿಮಗೆ ಅದೊಂದೇ ಪರೀಕ್ಷೆ ಸಾಲದು. ರಕ್ತ, ಮೂತ್ರದಲ್ಲಿ ತಾಮ್ರದ ಪರೀಕ್ಷೆ, ತಾಮ್ರ ಕಣ್ಣಲ್ಲೂ ಕೂರೋದ್ರಿಂದ ಕಣ್ಣಿನ ಪರೀಕ್ಷೆ, ಜೀನ್ ಪರೀಕ್ಷೆನೂ ಬೇಕು."

"ನೋಡೋಣ, ಮುಂದಿನ ತಿಂಗಳು..."

ಅಕ್ಕ ಸೂಜಿ, ದಾರ ಅವನ ಮುಂದೆ ಹಿಡಿದಳು. "ಪೋಣಿಸು. ಪೋಣಿಸಿದ್ರೆ ಇನ್ನು ಈ ಮಾತೇ ಎತ್ತಲ್ಲ."

ತಮ್ಮ ದಾರ ಹಿಡಿದ. ಒಂದು ಸಲ, ಎರಡು ಸಲ. ದಾರ ಸೂಜಿಯ ಕಣ್ಣಿನ ಪಕ್ಕಕ್ಕೇ ಹೋಯಿತು. ಮೂರನೆಯ ಸಲ ಕೆಳಗಿಟ್ಟು ತಲೆ ತಗ್ಗಿಸಿದ.

"ನಿನ್ನ ವ್ಯಾನಲ್ಲಿ ಹದಿನಾಲ್ಕು ಮಕ್ಕಳು ಕೂರ್ತಾರೆ ಕಣೋ" ಎಂದಳು ಅಕ್ಕ. "ಡಾಕ್ಟರು ಸರಿ ಅನ್ನೋವರೆಗೆ ನೀನು ಓಡಿಸಲ್ಲ. ಮಾಲೀಕನ ಹತ್ರ ನಾನು ಮಾತಾಡ್ತೀನಿ."

"ಯಾವಾಗ ಹೋಗೋಣ?"

"ಈಗಲೇ. ಚಪ್ಪಲಿ ಹಾಕ್ಕೋ."

ತಮ್ಮನ ಎಂಜೈಮ್ ಇರಬೇಕಾದ್ದರ ಎರಡು ಪಟ್ಟು ಏರಿತ್ತು. ಉಳಿದ ಪರೀಕ್ಷೆಗಳೂ ಕಾಯಿಲೆಯನ್ನೇ ಹೇಳಿದವು. ಆದರೆ ಲಿವರ್ ಇನ್ನೂ ಕೈಮೀರಿರಲಿಲ್ಲ. ಅವನೀಗ ತಂಗಿಯಂತೆಯೇ ತಾಮ್ರ ಹೊರಹಾಕುವ ಮಾತ್ರೆ ನುಂಗುತ್ತಾನೆ, ಜೀವನಪೂರ್ತಿ ನುಂಗಬೇಕು. ಅಕ್ಕ ಮಾಲೀಕನಿಗೆ ಎಲ್ಲವನ್ನೂ ಬಿಚ್ಚಿ ಹೇಳಿದಳು. ಅವನು ಕೆಲಸ ಕಾಯ್ದಿರಿಸಿದ. ಕೈ ನಡುಕ ನಿಂತು, ಡಾಕ್ಟರು ಒಪ್ಪಿದ ಮೇಲೆ ತಮ್ಮ ಮತ್ತೆ ವ್ಯಾನು ಹತ್ತಿದ್ದಾನೆ.

ಓದುವವರೇ, ನಿಮ್ಮ ಮನೆಯಲ್ಲಿ ಒಬ್ಬರಿಗೆ ಇಂಥ, ಅಪ್ಪ ಅಮ್ಮನಿಂದ ಬರುವ ಲಿವರ್ ಕಾಯಿಲೆ ಇದ್ದರೆ ಒಡಹುಟ್ಟಿದವರೆಲ್ಲರಿಗೂ ಇಂದೇ ತಿಳಿಸಿ. ಆರೋಗ್ಯವಾಗಿ ಕಂಡರೂ ಪರೀಕ್ಷೆ ಮಾಡಿಸಿ. ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಲಿವರ್ ಕೆಟ್ಟವರನ್ನೆಲ್ಲ ಕುಡುಕರೆನ್ನಬೇಡಿ. ಕಾಯಿಲೆಯನ್ನು ಮುಚ್ಚಿಡಬೇಡಿ.

ಮುಚ್ಚಿಡಬಹುದಾದದ್ದು ಬೇರೆ ಇದೆ. ಅಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಸೂಜಿ ಕಂಡದ್ದೇ ತಡ, ಆರಡಿ ಎತ್ತರದ ಡ್ರೈವರಪ್ಪ ಕುರ್ಚಿಯಿಂದ ಜಾರಿ ಅಕ್ಕನ ಕಾಲ ಮೇಲೆಯೇ ಬಿದ್ದ. ನೀರು ಚಿಮುಕಿಸಿ ಎಬ್ಬಿಸಿದ ಅಕ್ಕ, ಅದೊಂದನ್ನು ಮಾತ್ರ ಕೆಳಮನೆಯ ಅಜ್ಜಿಗಾಗಲಿ, ತಂಗಿಗಾಗಲಿ, ಯಾರಿಗೂ ಹೇಳಬಾರದೆಂದು ಅಲ್ಲೇ ನಿಶ್ಚಯಿಸಿಕೊಂಡಳು.