ಮೂವರು ಸೇರಿ ಬರೆದ ಗಂಡ

ಪರಭಾಷೆಯ ತರಗತಿಯಲ್ಲಿ ಮೇಡಂ ಮೊದಲ ದಿನ ಕಲಿಸಿದ ವಾಕ್ಯ: ‘ಮಗೂ, ನಿಮ್ಮಪ್ಪ ಮನೆಯಲ್ಲಿದ್ದಾರಾ?’ ಯಾರದಾದರೂ ಬಾಗಿಲು ತಟ್ಟಿದಾಗ ಮಗು ಬಂದು ತೆರೆದರೆ ಹಾಗೆ ಕೇಳಬೇಕಂತೆ. ನನಗೆ ನಗು ಬಂತು. ಆ ಭಾಷೆಯ ದೇಶದಲ್ಲಿ ನಾನು ತಟ್ಟಬೇಕಾಗಿದ್ದುದು ಒಂದೇ ಬಾಗಿಲು, ಅಲ್ಲಿಗೆ ದುಡಿಯಲು ಹೋಗಿದ್ದ ನನ್ನ ಗಂಡನದು. ಆ ಮನೆಗೆ ಮಗು ಎಲ್ಲಿಂದ ಬರಬೇಕು? ಭಾಷೆಯ ಪರೀಕ್ಷೆ ಪಾಸಾದರೆ ವೀಸಾ, ವೀಸಾ ಬಂದರೆ ಅವರ ಜೊತೆ ಸಂಸಾರ. ಅದೊಂದೇ ಆಸೆಗೆ ಹಗಲೆಲ್ಲ ಹೊಲಿಗೆ ಮಿಷನ್ ತುಳಿದು, ಸಂಜೆ ಬಂದು ಆ ಬೆಂಚಿನ ಮೇಲೆ ಕೂರುತ್ತಿದ್ದೆ.

ಪರೀಕ್ಷೆ ಹತ್ತಿರವಾದಾಗ ಮೇಡಂ ನಮ್ಮನ್ನು ಗುಂಪು ಮಾಡಿ, ಸೇರಿ ಒಂದು ಕಥೆ ಬರೆಯಿರಿ ಎಂದರು. ಒಬ್ಬರಾದ ಮೇಲೊಬ್ಬರು ಹಾಳೆಯನ್ನು ಮನೆಗೆ ಒಯ್ದು ಮುಂದುವರಿಸಬೇಕು. ಹಿಂದಿನವರು ಬರೆದದ್ದನ್ನು ಹೊಡೆದುಹಾಕುವ ಹಾಗಿಲ್ಲ. ನನ್ನ ಗುಂಪಿನಲ್ಲಿ ಒಬ್ಬಳು ನರ್ಸು, ಒಬ್ಬ ಲಾರಿ ಡ್ರೈವರ್. ಡ್ರೈವರನ ಅಣ್ಣ ನನ್ನ ಗಂಡನಿದ್ದ ಊರಿನಲ್ಲೇ ಕೆಲಸಕ್ಕಿದ್ದ. “ನಿಮ್ಮೆಜಮಾನ್ರು ಚೆನ್ನಾಗಿದಾರಂತೆ ಅಕ್ಕಾ” ಎಂದು ವಾರವಾರವೂ ವರದಿ ಒಪ್ಪಿಸುತ್ತಿದ್ದವನು ಈಚೆಗೆ ನನ್ನನ್ನು ಕಂಡರೆ ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ. ಪರೀಕ್ಷೆಯ ಭಯ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮೊದಲು ನಾನು ಬರೆದೆ: ಪರದೇಶದಲ್ಲೊಬ್ಬ ಗಂಡ, ಇಲ್ಲಿ ಕಾಯುವ ಹೆಂಡತಿ. ನರ್ಸು ಅವನಿಗೆ ಜ್ವರ ಬರಿಸಿ, ತಾನೇ ಮಾತ್ರೆ ಕೊಟ್ಟು ವಾಸಿ ಮಾಡಿದಳು. ಆಮೇಲಿನದು ಡ್ರೈವರನ ಪಾಲು. ನನ್ನ ಉಚ್ಚಾರಣೆ ಚೆನ್ನಾಗಿದೆಯೆಂದು ಮೇಡಂ ಅದನ್ನು ಎಲ್ಲರೆದುರು ನನ್ನಿಂದಲೇ ಓದಿಸಿದರು.

‘ಗಂಡ ಸಂಜೆ ಮನೆಗೆ ಹೋದ. ಅಲ್ಲಿ ಬೇರೊಬ್ಬ ಹೆಂಗಸಿದ್ದಳು. ಮಗು ಓಡಿಬಂತು. ಅವನು ಕೋಟಿನ ಬಲಗಡೆಯ ಹಸಿರು ಒಳಜೇಬಿಗೆ ಎಡಗೈ ಹಾಕಿ ಮಿಠಾಯಿ ತೆಗೆದುಕೊಟ್ಟ.’

ನನ್ನ ಗಂಡ ಎಡಚ. ಅವನ ಕೈಗೆ ಸಲೀಸಾಗಲೆಂದು ಆ ಜೇಬನ್ನು ಬಲಗಡೆ ಇಟ್ಟು, ನನ್ನ ರವಿಕೆಯಲ್ಲಿ ಮಿಕ್ಕ ಹಸಿರು ಬಟ್ಟೆಯಲ್ಲೇ ಹೊಲಿದುಕೊಟ್ಟವಳು ನಾನು. ತರಗತಿ ಚಪ್ಪಾಳೆ ತಟ್ಟಿತು.

“ಎಂಥಾ ಕಲ್ಪನೆ!” ಎಂದರು ಮೇಡಂ. “ಆದ್ರೆ ಪಾಪ, ಆ ಹೆಂಡ್ತಿ! ಕೊನೇದು ನೀವೇ ಬರೀರಿ. ಸ್ವಲ್ಪ ಸುಖವಾಗಿ ಮುಗ್ಸಿ.”

ಡ್ರೈವರ್ ನನ್ನ ಕಡೆ ಬಾಗಿ ಪಿಸುಗುಟ್ಟಿದ. “ನಮ್ಮ ಮಾತಲ್ಲಿ ಹೇಳೋಕೆ ನಾಲಿಗೆ ಏಳ್ಲಿಲ್ಲ ಅಕ್ಕಾ. ಹೋದ ತಿಂಗಳು ಅಣ್ಣ ನಿಮ್ಮೆಜಮಾನ್ರ ಮನೆಗೆ ಹೋಗಿದ್ದ.”

“ಬರೆಯೋಕೆ ಕೈ ಎದ್ದಿತಲ್ಲ, ಬಿಡು” ಎಂದೆ. ಅವನ ಮೇಲೂ ಸಿಟ್ಟಿತ್ತು. ನನ್ನ ಬಾಯಿಂದಲೇ ನನ್ನ ಮನೆ ಮುರಿಸಿದ್ದ.

ಹೊಡೆದುಹಾಕುವ ಹಾಗಿರಲಿಲ್ಲ. ಪೆನ್ನು ತೆಗೆದು ಮುಂದುವರಿಸಿದೆ. ‘ಹೆಂಡತಿ ಪರೀಕ್ಷೆ ಪಾಸಾದಳು. ವಿಮಾನ ಹತ್ತಿದಳು. ಬಾಗಿಲು ತಟ್ಟಿದಳು. ಮಗು ಬಂದು ತೆರೆಯಿತು.’ ಮುಂದಿನ ವಾಕ್ಯಕ್ಕೆ ತಡಕಾಡಬೇಕಾಗಲಿಲ್ಲ, ಮೊದಲ ದಿನವೇ ಬಾಯಿಪಾಠವಾಗಿತ್ತು.

‘ಮಗೂ, ನಿಮ್ಮಪ್ಪ ಮನೆಯಲ್ಲಿದ್ದಾರಾ?’

ಒಂದೂ ತಪ್ಪಿಲ್ಲವೆಂದು ಮೇಡಂ ಪೂರ್ತಿ ಅಂಕ ಕೊಟ್ಟರು.